ಅಪ್‌ಡೇಟ್: ಕಾಲಾ ಅಜಾರ್‌ನಲ್ಲಿ ಗುಲ್ಮ ಊದಿದರೂ ಕೆಲಸ ಕೆಡುವುದು ಯಾಕೆ?

ಕಾಲಾ ಅಜಾರ್ ಅನ್ನೋ ಪರಾವಲಂಬಿ ರೋಗದಲ್ಲಿ ಗುಲ್ಮ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ಊದುತ್ತದೆ. ಅದು ದೊಡ್ಡದಾದರೆ ರೋಗದ ಜೊತೆ ಹೋರಾಡುವ ಶಕ್ತಿಯೂ ಜಾಸ್ತಿ ಆಗಬೇಕಲ್ವಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಆಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದುವ ಅಕ್ಕನ ಜೊತೆ ಕೂತು ಗುಲ್ಮದ ಸ್ಲೈಡ್‌ಗಳ ಫೋಟೋ ನೋಡಿದೆ.

ಗುಲ್ಮದ ಕೆಂಪು ಭಾಗ ಹಳೆಯ ರಕ್ತಕಣಗಳನ್ನು ಸೋಸುತ್ತದೆ. ಬಿಳಿ ಭಾಗದಲ್ಲಿ ರೋಗದ ಜೊತೆ ಹೋರಾಡುವ ಬಿ ಕೋಶ, ಟಿ ಕೋಶಗಳು ಊರಿನ ಕೇರಿಗಳ ಹಾಗೆ ಬೇರೆ ಬೇರೆ ಇರುತ್ತವೆ. ಕಾಲಾ ಅಜಾರ್ ತರುವ ಲೀಶ್‌ಮೇನಿಯಾ ಪರಾವಲಂಬಿ ಬದುಕುವುದು ಮ್ಯಾಕ್ರೋಫೇಜ್‌ಗಳ (ರೋಗಾಣು ನುಂಗುವ ಕೋಶಗಳ) ಒಳಗೆ. ಸೋಂಕು ತಿಂಗಳುಗಟ್ಟಲೆ ಎಳೆದರೆ ಕೆಂಪು ಭಾಗ ಇಂಥ ಕೋಶಗಳಿಂದ ತುಂಬಿ ಉಬ್ಬುತ್ತದೆ. ಸಾಮಾನ್ಯವಾಗಿ 150 ಗ್ರಾಂ ಆಸುಪಾಸು ತೂಗುವ ಗುಲ್ಮ ಎಷ್ಟೋ ಪಟ್ಟು ಬೆಳೆಯುತ್ತದೆ. ಆದರೆ ಬಿಳಿ ಭಾಗದಲ್ಲಿ ಕೇರಿಗಳ ಗಡಿಯೇ ಅಳಿಸಿಹೋಗುತ್ತದೆ. ಬಿಳಿ ಭಾಗದ ಅಂಚಿನ ಮ್ಯಾಕ್ರೋಫೇಜ್‌ಗಳೂ, ರೋಗಾಣುವಿನ ಚೂರುಗಳನ್ನು ಬಿ ಕೋಶಗಳಿಗೆ ತೋರಿಸುವ ಫಾಲಿಕ್ಯುಲರ್ ಡೆಂಡ್ರಿಟಿಕ್ ಕೋಶಗಳೂ ಕಮ್ಮಿಯಾಗುತ್ತವೆ. ಕೋಶಗಳು ಒಂದನ್ನೊಂದು ಭೇಟಿಯಾಗುವ ಜಾಗವೇ ಕೆಟ್ಟರೆ ಗಾತ್ರ ಇದ್ದು ಏನು ಪ್ರಯೋಜನ?

ನನಗೆ ಅಚ್ಚರಿಯಾಗಿದ್ದು ಬೇರೆ. ಇಲಿಗಳ ಮೇಲಿನ ಪ್ರಯೋಗಗಳ ಪ್ರಕಾರ, ಅಂಚಿನ ಆ ಮ್ಯಾಕ್ರೋಫೇಜ್‌ಗಳು ನಾಶವಾಗುವುದರಲ್ಲಿ ಟಿಎನ್‌ಎಫ್ ಕೈವಾಡ ಇದೆ. ಅದು ದೇಹವೇ ರಕ್ಷಣೆಗೆ ತಯಾರಿಸುವ ವಸ್ತು!

ಅಂದಹಾಗೆ, ‘ಮೈಸೂರಲ್ಲಿ ಕಾಲಾ ಅಜಾರ್ ಬಂತಾ’ ಅಂತ ಗಾಬರಿಯಾದವರಿಗೆ: ಇಲ್ಲ. ನಮ್ಮ ದೇಶದಲ್ಲಿ ಇದು ಮುಖ್ಯವಾಗಿ ಬಿಹಾರ, ಜಾರ್ಖಂಡ್ ಕಡೆಯದು. ನಾನು ಕೇಳಿದ್ದು ಸೆಮಿನಾರ್‌ಗೆ, ಅಷ್ಟೇ.