ಅಪ್‌ಡೇಟ್: ರೊಟ್ಟಿ ಬಿಸಿನೆಸ್ಸಿಗೆ ರೊಕ್ಕಾ ಕೊಟ್ಟು ಆ್ಯಡ್ ಯಾವಾಗ ಹಾಕಬೇಕು ಅಂತ ಕೇಳಿದ್ನೆಲ್ರಿ

ಹುಬ್ಬಳ್ಳ್ಯಾಗ ಮನಿಯಿಂದನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರ್ತೀವಿ, ಇನ್‌ಸ್ಟಾಗ್ರಾಮ್‌ನ್ಯಾಗ ಆ್ಯಡ್ ಈಗ ಹಾಕ್ಲೋ ಇನ್ನೊಂದಿಷ್ಟು ದಿನ ತಡೀಲೋ ಅಂತ ಕೇಳಿದ್ದೆ. ಬಾಳ ಮಂದಿ "ಮದ್ಲ ಆರ್ಡರ್ ತಡಕೊಳ್ಳೋ ತಾಕತ್ತು ಐತೇನ ನೋಡ್ರಿ" ಅಂದ್ರಿ, ಅದು ಖರೇನ. ದೀಪಾವಳಿ ಮುಂದ ಅವ್ವಾ, ವೈನಿ ಇಬ್ಬರ ಬಡದು ಬಡದು ಸಾಕಾಗಿದ್ರು, ಆವಾಗ ಆ್ಯಡ್ ಹಾಕಿದ್ರ ಗಿರಾಕಿ ಬೈದು ಹೋಗ್ತಿದ್ರು. ಈಗ ಓಣ್ಯಾಗಿನ ಒಬ್ಬಾಕಿನ್ನ ಕೆಲಸಕ್ಕ ಇಟ್ಕೊಂಡೀವಿ, ವಾಟ್ಸಾಪ್ ಬಿಸಿನೆಸ್‌ನ್ಯಾಗ ರೇಟ್ ಸಮೇತ ಕ್ಯಾಟಲಾಗ್ ಹಾಕೇನಿ, ಹಳೇ ಗಿರಾಕಿ ತಿರುಗಿ ತಿರುಗಿ ತಗೋಳಾಕತ್ತಾರ, ಅದನ್ನ ನೋಡೇ ಧೈರ್ಯ ಬಂತು.

ಹಾಕಿದ ಪೋಸ್ಟನ್ನ ಅಲ್ಲೇ ರೊಕ್ಕಾ ಕೊಟ್ಟು ಆ್ಯಡ್ ಮಾಡೋ ಬೂಸ್ಟ್ ಬಟನ್ ಮುಟ್ಟಲಿಲ್ರಿ. ಇನ್‌ಸ್ಟಾಗ್ರಾಮ್ ನಡಸೋ ಮೆಟಾ ಕಂಪನಿಯ ಆ್ಯಡ್ ಹಾಕೋ ಟೂಲ್ ಆ್ಯಡ್ಸ್ ಮ್ಯಾನೇಜರ್‌ನ್ಯಾಗ, ಒತ್ತಿದ್ರ ಸೀದಾ ವಾಟ್ಸಾಪ್ ತಗಿಯೋ ಆ್ಯಡ್ ಮಾಡಿ, ಹುಬ್ಬಳ್ಳಿ-ಧಾರವಾಡ ಅಷ್ಟ ಇಟ್ಟು ದಿನಕ್ಕ 200 ರೂಪಾಯಿ ಹಾಕೇನಿ, ಮ್ಯಾಲ 18% ಜಿಎಸ್‌ಟಿ ಬ್ಯಾರೆ ಹತ್ತತೈತಿ, ಅದನ್ನೂ ಲೆಕ್ಕಕ್ಕ ಹಿಡೀರಿ. ಅವ್ವ ಪಟಪಟ ರೊಟ್ಟಿ ಬಡಿಯೋ ವಿಡಿಯೋ ನೋಡಿದವ್ರು ಆರ್ಡರ್ ಕೊಡಾಕತ್ತಾರ, ರೊಕ್ಕಾ ಕೊಟ್ಟು ಡಿಸೈನ್ ಮಾಡಿಸಿದ ಪೋಸ್ಟರ್ ನೋಡಿದವ್ರು "ರೇಟ್ ಎಷ್ಟ್ರಿ" ಅಂತ ಕೇಳಿ ಗಪ್! ಬೆಂಗಳೂರಿಂದನೂ ಕೇಳಾಕತ್ತಾರ, ಆದ್ರ ಕೊರಿಯರ್‌ನ್ಯಾಗ ರೊಟ್ಟಿ ಪುಡಿಪುಡಿ ಆಗ್ತಾವ, ಗಟ್ಟಿ ಡಬ್ಬಿ ಸಿಗೂತನಕ ಆ ಕಡೆ ಆ್ಯಡ್ ಇಲ್ಲ.