ಪಂಕ್ತ್ಯಾಗ ಕುಂತ್ರೂ ಹೊರಗ ಇದ್ದಂಗ ಅನಸ್ತೈತಿ, ನಿಮಗೂ ಹಿಂಗ ಆಗೇತೇನ್ರಿ?

ಗದಗಿನಾಕಿ:

ಎಲ್ಲಾರಿಗೂ ನಮಸ್ಕಾರ್ರಿ. ಭಾಳ ದಿನದಿಂದ ಬರೀಬೇಕಂತ ಮಾಡಿ ಅಳಸೀನಿ, ಇವತ್ತ ಬರದ ಬಿಡ್ತೀನಿ, ಉದ್ದ ಆಗ್ತೈತಿ ಬೈಬ್ಯಾಡ್ರಿ.

ನಂಗ 28, ಊರು ಗದಗ ಕಡೆ, ಈಗ ಹುಬ್ಬಳ್ಳಿ ವಿದ್ಯಾನಗರದಾಗ ಪಿಜಿ, ಅಕೌಂಟ್ಸ್ ಕೆಲಸ ಮಾಡ್ತೀನಿ. ಬೈಪೋಲಾರ್ ಐತಿ, ಅಂದ್ರ ಮನಸ್ಸು ಒಮ್ಮೆ ಅತೀ ಏರೂ, ಒಮ್ಮೆ ಪೂರ್ತಿ ಕುಸಿಯೂ ರೋಗ. ಡಿಗ್ರಿ ಮುಗಿಯೂ ವರ್ಷ ಜೋರ್ ಮೇನಿಯಾ (ಆ ಏರೂ ಹಂತ) ಆಗಿ ಅಡ್ಮಿಟ್ ಆಗಿದ್ದೆ, ಆಮ್ಯಾಲೆ ಒಂದ್ ವರ್ಷ ಹಾಸಿಗಿ ಬಿಟ್ಟ ಎದ್ದಿಲ್ಲ ಅಂದ್ರೂ ನಡೀತೈತಿ, ಈಗ ನಾಲ್ಕ ವರ್ಷದಿಂದ ಲಿಥಿಯಂ ಗುಳಿಗಿ ನಡದೈತಿ, ಪಾಡ ಅದೀನಿ. ಪಗಾರ ಬರ್ತೈತಿ, ನಿದ್ದಿ ಬರ್ತೈತಿ, ಡಾಕ್ಟರೂ ಖುಷಿ ಅದಾರ. ಹಂಗಾರ ಏನ್ ತ್ರಾಸ ಅಂತೀರಿ, ಅದನ್ನ ಹೇಳಾಕ ಬರವಲ್ದು ನೋಡ್ರಿ.

ಹೋದ ತಿಂಗಳ ಚಿಗವ್ವನ ಮಗಳ ಮದಿವಿ ಇತ್ತು. ಪಂಕ್ತ್ಯಾಗ ಕುಂತಿದ್ವಿ, ಹುಗ್ಗಿ ಬಡಸಾಕತ್ತಿದ್ರು, ಮಾಮಾ ಏನೋ ಚ್ಯಾಷ್ಟಿ ಮಾಡಿದ್ರು, ನಾ ನಕ್ಕೆ. ಸ್ವಲ್ಪ ಜೋರಾಗೇ ನಕ್ಕೆ ಅನ್ರಿ. ಎದುರ ಸಾಲಿನ್ಯಾಗ ಕುಂತವರ ಕೈ ಹಂಗ ನಿಂತ್ವು, ಅವ್ವ ಅಲ್ಲಿಂದನ ಕಣ್ಣ ಸನ್ನಿ ಮಾಡಿ "ಗುಳಿಗಿ ತಗೊಂಡೀಯಿಲ್ಲ?" ಅಂದ್ಲು. ಕೆಟ್ಟ ಮನಸಿನಿಂದ ಅಲ್ಲ. ಆದ್ರ ಬಾಯಾಗಿನ ತುತ್ತು ಕೆಳಗ ಇಳೀಲಿಲ್ಲ.

ಅವರ ತಪ್ಪೂ ಅಲ್ಲ ಬಿಡ್ರಿ. ಆರು ವರ್ಷದ ಹಿಂದ ಇಂಥಾದ ಒಂದ ಮದಿವ್ಯಾಗ ನಾ ರಾತ್ರಿ ಎರಡಕ್ಕ ಬ್ಯಾಂಡಿನವರ ಮೈಕ್ ಕಸ್ಕೊಂಡು ಒಂದ್ ತಾಸ ಭಾಷಣ ಮಾಡೀನಿ, ಕೈಯಾಗಿನ ಬಂಗಾರದ ಬಳಿ ತಗದು ಡೋಲು ಹೊಡಿಯೂ ಹುಡಗಗ ಕೊಟ್ಟೀನಿ (ಪಾಪ ಆತ ಮರುದಿನ ಮನಿಗೆ ಬಂದ ವಾಪಸ್ ಕೊಟ್ಟು ಹ್ವಾದ, ಅಂಥಾವ್ರೂ ಇರ್ತಾರ). ಅದನ್ನ ಯಾರೂ ಮರತಿಲ್ಲ. ಹಿಂಗಾಗಿ ನಂಗ ಸಿಟ್ಟ ಬಂದ್ರ ರೋಗ, ನಕ್ರ ರೋಗ, ಸುಮ್ನ ಕುಂತ್ರ ಅದೂ ರೋಗ. ಅದಕಿಂತ ಕೆಟ್ಟದ್ದು ಏನಂದ್ರ ನಾನೂ ಹಂಗ ಮಾಡಾಕತ್ತೀನಿ, ಖುಷಿ ಆದ ಕೂಡ್ಲೆ ಇದು ಖರೇ ಖುಷಿನೋ ಮತ್ತ ಸುರು ಆತೋ ಅಂತ ಒಳಗ ಒಬ್ಬಾಕಿ ಕುಂತ ಲೆಕ್ಕ ತಗೀತಿರ್ತಾಳ.

ಚೆಕಪ್‌ಗೆ ಧಾರವಾಡದ ಮಾನಸಿಕ ಆಸ್ಪತ್ರಿಗೆ ಹೋಗ್ತೀನಿ. ಅಲ್ಲಿ ಓಪಿಡಿ ಮುಂದ ಬೆಂಚಿನ ಮ್ಯಾಲೆ ಕುಂತಾಗ ಒಬ್ಬ ತಾಯಿ ತನ್ನ ದೊಡ್ಡ ಮಗಗ ಬಾಳೆಹಣ್ಣು ಸುಲದ ತಿನಸ್ತಿರ್ತಾಳ, ಅದನ್ನ ನೋಡಿ ನಾ ಇವರಂಗ ಇಲ್ಲಲ್ಲ ಅನಸ್ತೈತಿ, ಹಂಗ ಅನಿಸಿದ್ದಕ್ಕ ಮತ್ತ ನಾಚಿಕಿ. ಅಲ್ಲಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬಂದ್ರ ಆಫೀಸಿನವರಂಗೂ ಇಲ್ಲ. ರಜಾ ಯಾಕಂದ್ರ ಹಲ್ಲು ತೋರಸಾಕ ಹೋಗಿದ್ದೆ ಅಂತೀನಿ. ನಾಲ್ಕ ವರ್ಷದಿಂದ ತೋರಸಾಕತ್ತೀನಿ, ಒಬ್ಬ ಮನಷ್ಯಾಗ ಹಲ್ಲ ಎಷ್ಟ ಇರ್ತಾವ್ರಿ! ಯಾರರ ತಪ್ಪ ಎಂಟ್ರಿ ಹಾಕಿದ್ರ "ಇವನ್ನ ಧಾರವಾಡಕ್ಕ ಕಳಸ್ರೆಪಾ" ಅಂತ ನಗ್ತಾರ, ಎಲ್ಲಾರಕಿಂತ ಮೊದಲ ನಾನ ನಗ್ತೀನಿ.

ಸಾಯೂ ವಿಚಾರ ಏನಿಲ್ಲ, ಹೆದರಬ್ಯಾಡ್ರಿ. ಅಲ್ಲೂ ಇಲ್ಲ ಇಲ್ಲೂ ಇಲ್ಲ ಅನ್ನೂದು ಅಷ್ಟ. ಇದು ಹೋಗ್ತೈತೋ, ಇದರ ಜೋಡಿನ ಇರಬೇಕೋ? ಇದ್ದವರು ಹೇಳ್ರಿ.

ಜೈ_ಬಜರಂಗಿ:

ಸಿಸ್ಟರ್ ಎಲ್ಲಾ ಮನಸಿನ ಆಟ. ಮುಂಜಾನಿ ಐದಕ್ಕ ಎದ್ದು ಧ್ಯಾನ ಮಾಡ್ರಿ, ಗುಳಿಗಿ ಹಂತ ಹಂತವಾಗಿ ಬಿಡ್ರಿ, ಕೆಮಿಕಲ್ ಅದು. ಮದಿವಿ ಮಾಡ್ಕೊಂಡ್ರ ಎಲ್ಲಾ ಸರಿ ಆಗ್ತೈತಿ.

ಸಾಧನಕೇರಿ ಮಳಿ:

ಮ್ಯಾಲಿನ ಉತ್ತರ ಬರದವರಿಗೆ ಕೈ ಮುಗೀತೀನಿ, ಹಿಂಗ ಬರೀಬ್ಯಾಡ್ರಿ. ನಾ ಮೂವತ್ತು ವರ್ಷ ಔಷಧಿ ಅಂಗಡಿ ನಡಸೀನಿ, "ಈಗ ಆರಾಮ ಇದ್ದೀನಿ" ಅಂತ ತಾವ ಲಿಥಿಯಂ ಬಿಟ್ಟು ಕೆಲವು ತಿಂಗಳಿಗೆ ಮತ್ತ ಆಸ್ಪತ್ರಿ ಸೇರಿದವರನ್ನ ಕಣ್ಣಾರೆ ನೋಡೀನಿ. ಬಿಡೂದು ಕಮ್ಮಿ ಮಾಡೂದು ಡಾಕ್ಟರ್ ಹೇಳಿದ್ರಷ್ಟ. ಇನ್ನ ಕೆಮಿಕಲ್ ಅಂತೀರಿ, ಊಟಕ್ಕ ಹಾಕೂ ಉಪ್ಪೂ ಕೆಮಿಕಲ್ ಅದ. ಲಿಥಿಯಂ ಗುಳಿಗಿನೂ ಒಂದು ನಮೂನಿ ಉಪ್ಪೇ, 1949ರಾಗ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೂ ಡಾಕ್ಟರ್ ಮೇನಿಯಾಕ್ಕ ಇದು ಉಪಯೋಗ ಆಗ್ತದ ಅಂತ ಬರದ್ರು, ಇವತ್ತಿಗೂ ಇದನ್ನ ಕೊಡ್ತಾರ.

ತಂಗಿ, ನಿನಗ ಗೊತ್ತಿರಬಹುದು ಆದ್ರೂ ಹೇಳ್ತೀನಿ. ನಮ್ಮ ಕಡೆ ಬ್ಯಾಸಿಗಿ ಅಂದ್ರ ಬ್ಯಾಸಿಗಿ, ಬೆವತು ನೀರು ಕಮ್ಮಿ ಆದ್ರ ರಕ್ತದಾಗ ಲಿಥಿಯಂ ಏರ್ತದ. ನೀರು ಕುಡಿ, ಉಪ್ಪು ಒಮ್ಮೆಲೇ ಬಿಡಬ್ಯಾಡ, ನೀರಿಲ್ಲದ ಉಪವಾಸ ನಿನಗಲ್ಲ. ಮೈಕೈ ನೋವಿಗೆ ಐಬುಪ್ರೊಫೆನ್ ಥರದ ಗುಳಿಗಿ ಕೇಳದ ತಗೋಬ್ಯಾಡ. ಲಿಥಿಯಂ ಟೆಸ್ಟಿಗೆ ರಕ್ತ ಕೊಡೂ ದಿನ ರಾತ್ರಿ ಡೋಸ್ ಆಗಿ 12 ತಾಸಿಗೆ ಕೊಡಬೇಕು, ಮುಂಜಾನಿ ಡೋಸ್ ಇದ್ರ ಅದನ್ನ ರಕ್ತ ಕೊಟ್ಟ ಮ್ಯಾಲೆ ತಗೋಬೇಕು. ಥೈರಾಯ್ಡ್, ಕಿಡ್ನಿ ಟೆಸ್ಟೂ ತಪ್ಪಸಬ್ಯಾಡ.

ನಿನ್ನ ಪ್ರಶ್ನಿಗೆ ನನ್ನ ಹತ್ರ ಸರಿಯಾದ ಉತ್ತರ ಇಲ್ಲ. ಒಂದು ಲೆಕ್ಕ ಹೇಳ್ತೀನಿ, 2015-16ರಾಗ ನಿಮ್ಹಾನ್ಸಿನವರು ದೇಶದ 12 ರಾಜ್ಯದಾಗ ಸರ್ವೇ ಮಾಡಿದ್ರು, ದೊಡ್ಡವರ ಪೈಕಿ 10.6 ಪರ್ಸೆಂಟ್ ಮಂದಿಗೆ ಆ ಹೊತ್ತಿಗೆ ಏನಾರ ಒಂದು ಮಾನಸಿಕ ತೊಂದ್ರಿ ಇತ್ತು. ನೂರ ಎಲಿ ಹಾಕಿದ ಪಂಕ್ತ್ಯಾಗ ಹತ್ತು ಮಂದಿ ಅಂತ ತಿಳ್ಕೊ.

ಹುಬ್ಳಿ ಮಂದಿ ನಾವು:

ಅಜ್ಜಾರ, ಲೆಕ್ಕ ಸರಿ ಐತ್ರಿ, ಆದ್ರ ಆ ಹತ್ತು ಮಂದಿನೂ ಹಲ್ಲು ತೋರಸಾಕ ಹೋಗೀನಿ ಅಂತಿದ್ರ ಇಕಿಗೆ ಹ್ಯಾಂಗ ಗೊತ್ತಾಗಬೇಕು?

ಕಿರಾಣಿ ಅಂಗಡಿ:

ತಂಗಿ, ನಂದು ಹಾವೇರಿ ಹತ್ರ ಹಳ್ಳಿ, ವಯಸ್ಸು 47, ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಸೂ ಥರದ ರೋಗ) ಆಗಿ 22 ವರ್ಷ. ಅಣ್ಣನ ಜೋಡಿ ಅಂಗಡಿ ನೋಡ್ಕೋತೀನಿ. ಬರಿಯೂದು ನನಗ ಅಷ್ಟ ಬರಂಗಿಲ್ಲ.

ಮೊದಲು ನನ್ನನ್ನೂ ಧಾರವಾಡಕ್ಕ ಒಯ್ದಿದ್ರು. ತಿರುಗಿ ಬಂದಾಗ ಊರಾಗ ಯಾರೂ ಏನೂ ಅನ್ನಲಿಲ್ಲ, ಅದ ತ್ರಾಸ ಆತು. ನಾ ಕಟ್ಟಿಗೆ ಹೋಗಿ ಕುಂತ್ರ ಮಾತು ನಿಂತು ಮಳಿ ಬೆಳಿ ಸುದ್ದಿ ಸುರು ಮಾಡ್ತಿದ್ರು. ಮದಿವಿ ಮುಂಜಿವಿಗೆ ಹೋಗೂದ ಬಿಟ್ಟೆ. ಆರೇಳು ವರ್ಷ ಬಿಟ್ಟೆ. ಆಮ್ಯಾಲೆ ಊರ ಮಠದಾಗ ಅಜ್ಜಾರ ಪುಣ್ಯತಿಥಿಗೆ ಬಡಸಾಕ ಹುಡುಗರು ಕಮ್ಮಿ ಬಿದ್ರು, ಅಣ್ಣ ಬಾ ಅಂದ, ಹ್ವಾದೆ. ಕೈಯಾಗ ಅನ್ನದ ಬುಟ್ಟಿ ಕೊಟ್ರು.

ಏನ್ ತಿಳೀತು ಅಂದ್ರ, ಕುಂತು ಉಣ್ಣಾಂವನ ಮಾರಿ ಎಲ್ಲಾರೂ ನೋಡ್ತಾರ, ಬಡಸಾಂವನ ಕೈ ಅಷ್ಟ ನೋಡ್ತಾರ. ಅನ್ನ ಬೇಕೋ ಸಾಕೋ, ಎರಡ ಮಾತು. ಒಳಗ ನನಗ ಆ ಹೊತ್ತಿನ್ಯಾಗೂ ಧ್ವನಿ ಕೇಳಸ್ತಿದ್ವು, ಸುಳ್ಳ ಯಾಕ ಹೇಳ್ಲಿ, ಆದ್ರ ಸಾಲು ಮುಗಿಯೂತನಾ ಪುರಸೊತ್ತು ಇರಲಿಲ್ಲ. ಕಡೀ ಪಂಕ್ತ್ಯಾಗ ಬಡಸಿದವರ ಜೋಡಿ ಕುಂತು ಉಂಡೆ. ಆ ಪಂಕ್ತಿ ಬ್ಯಾರೇನ ಇರ್ತೈತಿ, ಎಲ್ಲಾರೂ ದಣದಿರ್ತಾರ, ಯಾರಿಗೂ ಯಾರ ಮಾರಿ ನೋಡೂ ತ್ರಾಣ ಇರಂಗಿಲ್ಲ. ಹದಿಮೂರು ವರ್ಷ ಆತು, ಈಗ ಅನ್ನ ನಂದ ಖಾತಿ.

ನಿನಗ ಲಿಥಿಯಂದಿಂದ ಕೈ ನಡಗ್ತಿದ್ರ ಸಾರು ತಗೋಬ್ಯಾಡ. ರೊಟ್ಟಿ ಬಡಸು.

ಧಾರವಾಡಕ್ಕ ಕಳಸ್ರಿ ಅಂತಾರಲ್ಲ, ನಾವು ಹೋಗಿ ಬಂದವರು ಅಲ್ಲೇನು.

ತಮ್ಮನ ಅಕ್ಕ:

"ಗುಳಿಗಿ ತಗೊಂಡೀಯಿಲ್ಲ" ಅಂತ ಕೇಳೂ ಪೈಕಿ ನಾನು. ನನ್ನ ತಮ್ಮಗ ಇದ ಬೈಪೋಲಾರ್. ನಮ್ಮ ಕಡೆದೂ ಸ್ವಲ್ಪ ಕೇಳ್ರಿ, ಅವ ಒಂದ್ ಸಲ ರಾತ್ರೋರಾತ್ರಿ ಮನಿ ಬಿಟ್ಟು ಹೋಗಿ ಮೂರು ದಿನ ಸಿಕ್ಕಿಲ್ಲ, ಆ ಮೂರು ದಿನದಾಗ ನಾವು ಹುಡುಕಿದ ಜಾಗ ನೆನಸಿದ್ರ ಈಗೂ ಹೊಟ್ಟಿ ಕಿವುಚ್ತೈತಿ, ಹಿಂಗಾಗಿ ಅವ ಸ್ವಲ್ಪ ಲಗೂ ಲಗೂ ಮಾತಾಡಿದ್ರ ನನ್ನ ಬಾಯಿ ನನ್ನ ಮಾತ ಕೇಳಂಗಿಲ್ಲ. ನಿಮ್ಮವ್ವಗೂ ಹಂಗ ಆಗಿರ್ತೈತಿ.

ಆದ್ರ ಅವ ಒಂದ್ ದಿನ ತಾಟು ಒಗದ, "ಅಕ್ಕಾ ನಾ ಮನಿಷ್ಯಾ ಅದೀನೋ ಗುಳಿಗಿ ಡಬ್ಬಿ ಅದೀನೋ" ಅಂದ. ಆವಾಗ ಡಾಕ್ಟರ್ ಮುಂದನ ಕುಂತು ಕರಾರು ಮಾಡ್ಕೊಂಡ್ವಿ. ಗುಳಿಗಿ ಸುದ್ದಿ ರಾತ್ರಿ ಒಂಬತ್ತಕ್ಕ ಒಂದ ಸಲ, ಅದೂ ಮಂದಿ ಮುಂದ ಅಲ್ಲ. ಅದರ ಹೊರತು ನಾ ಬಾಯಿ ಬಿಡಬೇಕಂದ್ರ ಅವನ ಬರಕೊಟ್ಟ ಗುರುತು ಕಾಣಬೇಕು: ಎರಡು ರಾತ್ರಿ ನಾಲ್ಕ ತಾಸಿಗಿಂತ ಕಮ್ಮಿ ನಿದ್ದಿ ಮಾಡಿ ಮುಂಜಾನಿ ದಣಿವು ಇಲ್ಲದಿದ್ರ, ಅಂಗಡ್ಯಾಗ ಉದ್ರಿ ಹೆಚ್ಚಾದ್ರ, ಹಳೇ ದೋಸ್ತರಿಗೆ ನಡುರಾತ್ರಿ ಫೋನ್ ಹಚ್ಚಿದ್ರ. ನಗೂದು ಆ ಪಟ್ಟಿಯೊಳಗ ಇಲ್ಲ. ಅವ ಬೇಕಂತಲೇ ಬಿಟ್ಟಾನ, "ನಗೂದಕ್ಕ ಕೇಸ್ ಹಾಕಬ್ಯಾಡ" ಅಂದ. ನಿಮ್ಮವ್ವನ ಒಮ್ಮೆ ನಿಮ್ಮ ಜೋಡಿ ಡಾಕ್ಟರ್ ಕಡೆ ಕರಕೊಂಡ ಹೋಗ್ರಿ, ಅವ್ರ ಹೇಳಿದ್ರ ಕೇಳ್ತಾರ, ಮಗಳ ಹೇಳಿದ್ರ ಕೇಳಂಗಿಲ್ಲ.

ಅಪರಾತ್ರ್ಯಾಗ ಯಾರ ಜೋಡಿನೂ ಮಾತಾಡಾಕ ಆಗವಲ್ದು ಅಂದ್ರ 14416 ಐತಿ, ಟೆಲಿ ಮಾನಸ್, ಸರ್ಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ. ತಮ್ಮ ಅಲ್ಲ, ನಾನ ಹಚ್ಚೀನಿ ಎರಡ ಸಲ.

ನವನಗರ ಪೋರ:

ಕಿರಾಣಿ ಅಂಗಡಿ ಅಣ್ಣಾರು ಹೇಳಿದ್ದು ಚಲೋ ಐತಿ ಆದ್ರ ನಾ ಪೂರ್ತಿ ಒಪ್ಪಂಗಿಲ್ರಿ. ಬಡಸೂದೂ ಒಂದ ನಮೂನಿ ಅಡಗಿ ಕುಂದ್ರೂದ ಅಲ್ಲೇನು, ಮಾರಿ ನೋಡಬಾರದು ಅಂತ ಬುಟ್ಟಿ ಹಿಡಿಯೂದು. ನಂದು ಓಸಿಡಿ, ಬ್ಯಾಡಾದ ವಿಚಾರ ಮತ್ತ ಮತ್ತ ಬರೂ ರೋಗ, ಕೈ ತೊಳೀಯೂದು ಅಷ್ಟ ಅಲ್ಲ, ತಲ್ಯಾಗ ಬರೂ ವಿಚಾರ ಇಲ್ಲಿ ಬರಿಯಾಕ ಬರಂಗಿಲ್ಲ. ನಾ ಆಫೀಸಿನ್ಯಾಗ ಹೇಳಿಬಿಟ್ಟೆ. ಐದು ಮಂದಿ ಟೀಮ್. ಇಬ್ರು ದೂರ ಆದ್ರು, ಚಾಕ್ಕ ಕರಿಯೂದು ಬಿಟ್ರು. ಇಬ್ರಿಗೆ ಏನೂ ಅನಸಲಿಲ್ಲ, "ಹೌದಾ" ಅಂದು ಮೊಬೈಲ್ ನೋಡಾಕತ್ರು. ಒಬ್ಬಾತ ಮಾತ್ರ ಒಂದ್ ವಾರ ಬಿಟ್ಟು ಮೆಟ್ಟಲ ಹತ್ರ ನಿಂದ್ರಿಸಿ "ನಮ್ಮ ಮನೆಯಾಕಿನೂ ಮೂರು ವರ್ಷದಿಂದ ತಗೋತಾಳ, ಯಾರಿಗೂ ಹೇಳಿಲ್ಲ" ಅಂದ. ಲಾಭ ಆತೋ ಲುಕ್ಸಾನ ಆತೋ ಕೇಳಿದ್ರ ಗೊತ್ತಿಲ್ಲ. ಹಲ್ಲಿನ ಸುಳ್ಳು ಹೇಳೂದು ತಪ್ಪೈತಿ, ಅದಂತೂ ಖರೇ.

2017ರ ಮಾನಸಿಕ ಆರೋಗ್ಯ ಕಾಯ್ದಿ ಪ್ರಕಾರ ಇನ್ಸೂರೆನ್ಸಿನವರು ಮೈಯಿನ ರೋಗಕ್ಕ ಕೊಟ್ಟಂಗನ ಇದಕ್ಕೂ ಕೊಡಬೇಕು, ಆದ್ರ ಬಾಜೂ ಕುರ್ಚ್ಯಾಗ ಕುಂತಾಂವ ಹ್ಯಾಂಗ ಇರಬೇಕಂತ ಯಾವ ಕಾಯ್ದ್ಯಾಗ ಬರೀತಾರ. ಆದ್ರ ಅಕ್ಕಾ, ಎಲ್ಲಾರಿಗೂ ಹೇಳಬ್ಯಾಡ್ರಿ, ನನ್ನಂಗ ಜೋಶ್‌ನ್ಯಾಗ ಮೀಟಿಂಗಿನ್ಯಾಗಂತೂ ಹೇಳಬ್ಯಾಡ್ರಿ. ಒಬ್ಬರನ್ನ ಆರಿಸ್ರಿ.

ಕಿರಾಣಿ ಅಂಗಡಿ:

ಪೋರ, ಅಡಗಿ ಕುಂತಿದ್ದೆ ಖರೇ. ಅಡಗಿ ಕುಂದ್ರಾಕರ ಒಂದ ಜಾಗ ಬೇಕಲ್ಲಪಾ.

ಗದಗಿನಾಕಿ:

ತಡಾ ಆತು, ಎಲ್ಲಾ ಎರಡೆರಡ ಸಲ ಓದೀನಿ. ಸಾಧನಕೇರಿ ಅಜ್ಜಾರ, ಗುಳಿಗಿ ಬಿಡಂಗಿಲ್ರಿ, ಒಮ್ಮೆ ಬಿಟ್ಟು ನೋಡೀನಿ, ಅದರ ಫಲ ಆ ಬ್ಯಾಂಡಿನವರ ಮೈಕ್. ಮೊಬೈಲ್ ಬ್ಯಾಟರಿಯೊಳಗೂ ಇದ ಲಿಥಿಯಂ ಅಂತ ಓದಿ ನಕ್ಕಿದ್ದೆ, ಮುಂಜಾನಿ ಚಾರ್ಜ್ ಯಾಕ ಆಗಂಗಿಲ್ಲ ಮತ್ತ ಅಂತ.

ಅವ್ವನ ಕರಕೊಂಡ ಹೋಗಿದ್ದೆ. ಅಕ್ಕಾರ ಹೇಳಿದಂಗ ಕರಾರು ಆತು, ಸಹಿ ಒಂದ ಬಾಕಿ. ನಗೂದು ನಮ್ಮ ಪಟ್ಟ್ಯಾಗೂ ಇಲ್ಲ, ಆದ್ರ ಬಳಿ ತಗೀಯೂದು ಐತಿ, ಅವ್ವನ ಹಾಕ್ಸಿದ್ಲು. ಹೊರಗ ಬಂದ ಮ್ಯಾಲೆ ಅಕಿನ ಬೆಂಚಿನ ಮ್ಯಾಲಿನ ಆ ತಾಯಿ ಜೋಡಿ ಮಾತಿಗೆ ಕುಂತ್ಲು, ಅರ್ಧಾ ತಾಸು, ಯಾವ ಊರು, ಎಷ್ಟ ಎಕರೆ, ಈ ವರ್ಷ ಶೇಂಗಾ ಹ್ಯಾಂಗ ಬಂತು. ನಾನೂ ಆ ಮಗನೂ ಸುಮ್ನ ಒಬ್ರ ಮಾರಿ ಒಬ್ರು ನೋಡ್ತಾ ನಿಂತಿದ್ವಿ. ಅವ ಅರ್ಧಾ ಬಾಳೆಹಣ್ಣು ಮುರದು ಕೊಟ್ಟ. ತಿಂದೆ.

ಆಫೀಸಿನ್ಯಾಗ ಇನ್ನೂ ಯಾರಿಗೂ ಹೇಳಿಲ್ಲ. ಒಬ್ಬಾಕಿ ಅದಾಳ, ಅಕಿಗೆ ಹೇಳಬಹುದೇನೋ, ನೋಡೂಣು. ಹುಣ್ಣಿಮಿಗೆ ಊರ ಮಠದಾಗ ರೊಟ್ಟಿ ಬಡಸಿದೆ ಅಣ್ಣಾ, ಕೈ ನಡಗಿದ್ದು ಖರೇ. ಎಲಿ ಮುಂದ ಕುಂತಿದ್ದ ಸಣ್ಣ ಹುಡುಗಿ ನನ್ನ ಕೈ ನೋಡಿ "ಅಕ್ಕಾ, ಥಂಡಿ ಹತ್ತೈತೇನು?" ಅಂದ್ಲು. ಹೂಂ ಅಂದೆ. ಇನ್ನೊಂದ ರೊಟ್ಟಿ ಹಾಕು ಅಂದ್ಲು.