ಈ ವರ್ಷವೆಲ್ಲ ಜೂಮ್ ಕ್ಲಾಸೇ ಅಂತಿದೆ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್. ಒಂದನೇ ಕ್ಲಾಸಿನ ಮಗಳ ಓದಿಗೆ ಏನು ಮಾಡಲಿ?

ಬೇಏರಿಯಾ_ಅಮ್ಮ, 21 ಫೆಬ್ರವರಿ 2021

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳನ್ನು ಪಬ್ಲಿಕ್ ಸ್ಕೂಲಿಗೆ ಕಳಿಸುವವರು, ಅದರಲ್ಲೂ ಟೀಚರ್ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ.

ಗುರುವಾರ ರಾತ್ರಿ ನಮ್ಮ ಡಿಸ್ಟ್ರಿಕ್ಟಿನ, ಅಂದರೆ ಇಲ್ಲಿಯ ಪಬ್ಲಿಕ್ (ಸರ್ಕಾರಿ) ಶಾಲೆಗಳನ್ನು ನಡೆಸುವ ಸಂಸ್ಥೆಯ, ಸ್ಕೂಲ್ ಬೋರ್ಡಿನ ಮೀಟಿಂಗ್ ಇತ್ತು. ಅದೂ ಜೂಮಿನಲ್ಲೇ. ಮುಗಿದಾಗ ಹನ್ನೊಂದೂವರೆ. ಕೊನೆಗೆ ತೀರ್ಮಾನ ಆಗಿದ್ದು ಇಷ್ಟು: ಸದ್ಯಕ್ಕೆ ರಿಮೋಟ್ ಕಲಿಕೆಯೇ ಮುಂದುವರಿಯುತ್ತದೆ, ಜೂನ್‌ವರೆಗೂ ಹೀಗೇ ಇರಬಹುದು, ಏಪ್ರಿಲ್‌ನಲ್ಲಿ ಮತ್ತೆ ನೋಡೋಣ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದು ಹೋದ ವರ್ಷ ಮಾರ್ಚ್‌ನಲ್ಲಿ. ಮಗಳು ಆಗ ಕಿಂಡರ್‌ಗಾರ್ಟನ್. ಈಗ ಒಂದನೇ ಕ್ಲಾಸು ಮುಗಿಯುತ್ತಾ ಬಂತು. ತನ್ನ ಟೀಚರನ್ನು ಅವಳು ಒಂದು ಸಲವೂ ಎದುರಿಗೆ ನೋಡಿಲ್ಲ.

ಕ್ಲಾಸಿನಲ್ಲಿ 24 ಮಕ್ಕಳು. ಎಲ್ಲರನ್ನೂ ಮ್ಯೂಟ್ ಮಾಡಿರುತ್ತಾರೆ, ಇಲ್ಲದಿದ್ದರೆ ಪಾಠ ನಡೆಯುವುದೇ ಇಲ್ಲ. ಟೀಚರ್ ಒಂದು ಪದ ತೋರಿಸುತ್ತಾರೆ, ಮಕ್ಕಳು ಮ್ಯೂಟ್‌ನಲ್ಲೇ ಕೂಗುತ್ತಾರೆ, ಅವರು ಹೆಬ್ಬೆರಳು ಎತ್ತಿ ಮುಂದಿನ ಪದಕ್ಕೆ ಹೋಗುತ್ತಾರೆ. ಒಳ್ಳೆಯ ಟೀಚರ್, ಪಾಪ, ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ನನ್ನ ಚಿಂತೆ ಬೇರೆ. ಮಗಳಿಗೆ ಅವಳ ಕಥೆ ಪುಸ್ತಕ ಕೊಟ್ಟರೆ ಗಡಗಡ ಅಂತ ಓದುತ್ತಾಳೆ. ಅದರಲ್ಲಿದ್ದ ಪದವನ್ನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಸುಮ್ನೆ ನನ್ನ ಮುಖ ನೋಡುತ್ತಾಳೆ. ಶಾಲೆಯ ರಿಪೋರ್ಟ್ ಕಾರ್ಡಿನಲ್ಲಿ ಮಾತ್ರ ಎಲ್ಲ ಸರಿ ಇದೆ ಅಂತಿದೆ.

ಮಗ 8ನೇ ಕ್ಲಾಸು. ಕ್ಯಾಮೆರಾ ಆಫ್, ರೂಮಿನ ಬಾಗಿಲು ಬಂದ್, ಮಾತು ಕಡಿಮೆ ಆಗಿದೆ.

ನಾವು ಇರುವ ಬೀದಿಯ ಕೊನೆಯಲ್ಲಿ ಒಂದು ಖಾಸಗಿ ಶಾಲೆ ತೆರೆದಿದೆ. ಚಿಕ್ಕ ಮಕ್ಕಳು ಮಾಸ್ಕ್ ಹಾಕಿಕೊಂಡು ಹೋಗುವುದು ಕಿಟಕಿಯಿಂದ ಕಾಣುತ್ತದೆ. ಮಗಳು ದಿನಾ ನೋಡುತ್ತಾಳೆ. ಅಲ್ಲಿಗೆ ಸೇರಿಸಬೇಕಾ? ಒಂದನೇ ಕ್ಲಾಸು ಇನ್ನೊಂದು ವರ್ಷ ಓದಿಸಬೇಕಾ? ಡಿಸ್ಟ್ರಿಕ್ಟ್ ಹತ್ತಿರ ಏನನ್ನಾದರೂ ಹಕ್ಕಿನಿಂದ ಕೇಳಬಹುದಾ? ಒಂದು ಕಡೆ ಮನೆಯವರೆಲ್ಲ ಕ್ಷೇಮವಾಗಿ ಇರಲಿ ಅನಿಸುತ್ತದೆ, ಇನ್ನೊಂದು ಕಡೆ ಈ ವಯಸ್ಸು ಮತ್ತೆ ಬರುವುದಿಲ್ಲ ಅನಿಸುತ್ತದೆ.

ರಾತ್ರಿಪಾಳಿ, 21 ಫೆಬ್ರವರಿ

ನಿಮ್ಮ ಸಂಕಟ ಅರ್ಥ ಆಗುತ್ತದೆ ಅಕ್ಕ. ಆದರೂ ಬೋರ್ಡಿನ ಪರವಾಗಿ ಒಂದು ಮಾತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಜನವರಿಯಲ್ಲಿ ಅವಳು ಮನೆಗೆ ಬಂದು ಗರಾಜಿನಲ್ಲೇ ಬಟ್ಟೆ ಬದಲಿಸಿ, ಯಾರ ಹತ್ತಿರವೂ ಮಾತಾಡದೆ ಮಲಗಿದ ದಿನಗಳಿವೆ. ಐಸಿಯುನಲ್ಲಿ ಹಾಸಿಗೆ ಇರಲಿಲ್ಲ. ನಮ್ಮ ಮಗನ ಕ್ಲಾಸಿನಲ್ಲಿ ಅಜ್ಜ ಅಜ್ಜಿ, ಚಿಕ್ಕಪ್ಪ, ಎಲ್ಲರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇರುವ ಮಕ್ಕಳು ಜಾಸ್ತಿ. ಅಪ್ಪ ಅಮ್ಮ ಅಂಗಡಿಯಲ್ಲೋ ಗೋದಾಮಿನಲ್ಲೋ ಕೆಲಸ ಮಾಡುವವರು, ಅವರಿಗೆ ಮನೆಯಿಂದ ಕೆಲಸ ಅನ್ನುವುದೇ ಇಲ್ಲ. ಶಾಲೆ ಬೇಡ ಅಂತ ಮೊದಲು ಹೇಳಿದ್ದು ಆ ಮನೆಯವರೇ. ಲಸಿಕೆ ಶುರುವಾಗಿದೆ. ಇನ್ನೆರಡು ತಿಂಗಳು ತಡೆದರೆ ಒಳ್ಳೆಯದು ಅಂತ ನನ್ನ ಅನಿಸಿಕೆ.

ಡಲ್ಲಾಸ್_ಅಪ್ಪ, 22 ಫೆಬ್ರವರಿ

ಇಲ್ಲಿ ಟೆಕ್ಸಾಸ್‌ನಲ್ಲಿ ಶಾಲೆಗೆ ಹೋಗುವುದೋ ಮನೆಯಲ್ಲಿ ಇರುವುದೋ ಅಂತ ಮೊದಲಿನಿಂದಲೂ ನಮಗೇ ಬಿಟ್ಟಿದ್ದಾರೆ. ನಾವು ಅಕ್ಟೋಬರ್‌ನಿಂದ ಕಳಿಸುತ್ತಿದ್ದೇವೆ. ಆದರೆ ಬಾಗಿಲು ತೆರೆದ ಕೂಡಲೇ ಎಲ್ಲ ಮೊದಲಿನ ಹಾಗೆ ಆಗುತ್ತದೆ ಅಂದುಕೊಳ್ಳಬೇಡಿ. ಟೀಚರ್ ಎದುರಿಗೆ ಇರುವ ಮಕ್ಕಳಿಗೂ ಮನೆಯಲ್ಲಿ ಇರುವ ಮಕ್ಕಳಿಗೂ ಒಟ್ಟಿಗೆ ಪಾಠ ಮಾಡುತ್ತಾರೆ, ಎರಡು ಕಡೆಯೂ ಅರ್ಧರ್ಧ. ಹೋದ ವಾರವಂತೂ ಹಿಮದಿಂದ ಕರೆಂಟೇ ಇರಲಿಲ್ಲ, ಶಾಲೆಯೂ ಇಲ್ಲ ಜೂಮೂ ಇಲ್ಲ. ಮಗಳಿಗೆ ಗೆಳತಿಯರು ಸಿಕ್ಕರು, ಅದು ಮಾತ್ರ ನಿಜವಾದ ಲಾಭ.

ಎರಡನೇಕ್ಲಾಸ್_ಟೀಚರ್, 23 ಫೆಬ್ರವರಿ

ನಮಸ್ಕಾರ. ನಾನು ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಪ್ರದೇಶ) ಇನ್ನೊಂದು ಡಿಸ್ಟ್ರಿಕ್ಟಿನಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ನಮ್ಮದೂ ಇನ್ನೂ ರಿಮೋಟ್. ಉತ್ತರ ಉದ್ದ ಆಗುತ್ತದೆ, ಕ್ಷಮಿಸಿ. ನೀವು ಬರೆದ ಆ ಚೀಟಿಯ ವಿಷಯ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಮೊದಲು ಅದನ್ನೇ ತೆಗೆದುಕೊಳ್ಳೋಣ. ಪುಸ್ತಕದಲ್ಲಿ ಓದುತ್ತಾಳೆ, ಚೀಟಿಯಲ್ಲಿ ಓದುವುದಿಲ್ಲ ಅಂದರೆ ಅವಳು ಚಿತ್ರ ನೋಡಿ, ಕಥೆ ನೆನಪಿಟ್ಟುಕೊಂಡು ಹೇಳುತ್ತಿದ್ದಾಳೆ. ಅಕ್ಷರ ಓದುತ್ತಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಹಡಗಿನ ಚಿತ್ರದ ಕೆಳಗೆ ‘ಶಿಪ್’ ಅಂತ ಇರುವ ಪುಟ ತೆಗೆಯಿರಿ. ‘ಬೋಟ್’ ಅಂತ ಓದಿದರೆ ಕಣ್ಣು ಚಿತ್ರದ ಮೇಲಿದೆ ಅಂತ ಅರ್ಥ. ಈಗ ಚಿತ್ರದ ಮೇಲೆ ಕೈ ಇಡಿ. ‘ಶ್’, ‘ಇ’, ‘ಪ್’ ಅಂತ ಮೂರು ಧ್ವನಿ ಬೇರೆ ಬೇರೆ ಹೇಳಿಸಿ, ಆಮೇಲೆ ಕೂಡಿಸಲು ಹೇಳಿ. ಕೂಡಿಸುವ ಜಾಗದಲ್ಲಿ ನಿಂತುಹೋಗುತ್ತಾಳಾ, ಅಥವಾ ‘ಇ’ ಅನ್ನುವ ಕಡೆ ‘ಎ’ ಅನ್ನುತ್ತಾಳಾ, ಗಮನಿಸಿ. ‘ಪಿನ್’ ಮತ್ತು ‘ಪೆನ್’ ಬಹಳ ಮಕ್ಕಳಿಗೆ ಒಂದೇ ಥರ ಕೇಳುತ್ತದೆ. ‘ಕ್ಯಾಪ್’ ಪದಕ್ಕೆ ಕೊನೆಯಲ್ಲಿ ಇಂಗ್ಲಿಷಿನ ಒಂದು ‘e’ ಅಕ್ಷರ ಸೇರಿಸಿದರೆ ‘ಕೇಪ್’ ಆಗುತ್ತದೆ ಅಂತ ಗೊತ್ತಿದೆಯಾ ನೋಡಿ.

ಇದು ಜೂಮಿನಲ್ಲಿ ನಮಗೆ ಕಾಣುವುದಿಲ್ಲ. ನಿಜವಾಗಿ ಹೇಳುತ್ತೇನೆ, ಕಾಣುವುದೇ ಇಲ್ಲ. ಕ್ಲಾಸ್‌ರೂಮಿನಲ್ಲಿ ಆದರೆ ಮೇಜುಗಳ ನಡುವೆ ಓಡಾಡುತ್ತಾ ಕಿವಿ ಕೊಡುತ್ತೇವೆ. ಒಂದು ಮಗು ಯಾವ ಪದದ ಹತ್ತಿರ ತಡವರಿಸಿತು, ಯಾವುದನ್ನು ಹಾರಿಸಿತು, ತುಟಿ ನೋಡಿದರೇ ಗೊತ್ತಾಗುತ್ತದೆ. ಮ್ಯೂಟ್ ಆದ ಕ್ಲಾಸಿನಲ್ಲಿ ಆ ಕಿವಿಯೇ ಹೋಗಿದೆ. ಕೆಲವು ಸಲ ಪರದೆಯಿಂದ ಆಚೆ ಅಮ್ಮನೋ ಅಣ್ಣನೋ ಉತ್ತರ ಹೇಳಿಕೊಡುತ್ತಾರೆ, ಪ್ರೀತಿಯಿಂದಲೇ. ನಾವು ಅದನ್ನು ಮಗುವಿನ ಉತ್ತರ ಅಂತ ಬರೆದುಕೊಳ್ಳುತ್ತೇವೆ. ನಿಮ್ಮ ರಿಪೋರ್ಟ್ ಕಾರ್ಡಿನಲ್ಲಿ ಎಲ್ಲ ಸರಿ ಅಂತ ಬಂದಿರುವುದಕ್ಕೆ ಬಹುಶಃ ಇದೇ ಕಾರಣ.

ಹಾಗಾಗಿ ನನ್ನ ಮುಖ್ಯ ಮಾತು ಇದು: ಶಾಲೆ ತೆರೆಯುವ ತಾರೀಖಿಗೆ ಕಾಯಬೇಡಿ, ಅವಳ ದನಿ ಟೀಚರಿಗೆ ಕೇಳುವ ಹಾಗೆ ಈ ವಾರವೇ ಮಾಡಿ. ಅವಳು ಮೊದಲು ನೋಡಿರದ ಒಂದು ಪುಟ ಕೊಡಿ, ಚಿತ್ರ ಮುಚ್ಚಿ, ಓದುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ. ನೀವು ಬಾಯಿ ಹಾಕಬೇಡಿ, ತಪ್ಪಿದರೂ ತಿದ್ದಬೇಡಿ. ಒಂದು ನಿಮಿಷದ್ದು ಸಾಕು. ಅದನ್ನು ಟೀಚರಿಗೆ ಕಳಿಸಿ, ಅವಳನ್ನು ಯಾವ ರೀಡಿಂಗ್ ಗ್ರೂಪಿನಲ್ಲಿ ಇಟ್ಟಿದ್ದೀರಿ, ನಾಲ್ಕೈದು ಮಕ್ಕಳ ಬ್ರೇಕ್‌ಔಟ್ ರೂಮ್ (ಜೂಮಿನೊಳಗೇ ಸಣ್ಣ ಗುಂಪಿಗೆ ಬೇರೆ ರೂಮ್) ಸಿಗುತ್ತದಾ ಅಂತ ಕೇಳಿ. ನನಗೆ ಒಬ್ಬ ತಾಯಿ ಹೀಗೆ ಕಳಿಸಿದಾಗ ಅವತ್ತೇ ಆ ಹುಡುಗನ ಗ್ರೂಪ್ ಬದಲಿಸಿದೆ. ಮನೆಯಲ್ಲಿ ಓದಿಸಲು ಶಬ್ದ ಕೂಡಿಸಿ ಓದುವ ಪುಸ್ತಕಗಳನ್ನು ಕೇಳಿ. ಅವಕ್ಕೆ ಡಿಕೋಡಬಲ್ ಅಂತಾರೆ. ಊಹೆ ಮಾಡಿ ಓದುವ ಥರದ್ದು ಬೇಡ.

ಇನ್ನು ಹಕ್ಕಿನ ವಿಷಯ. ಹೋದ ವರ್ಷ ಬಂದ ಎಸ್‌ಬಿ 98 ಕಾಯ್ದೆ ಪ್ರಕಾರ ರಿಮೋಟ್ ಆದರೂ ದಿನಕ್ಕೆ ಇಷ್ಟು ನಿಮಿಷ ಪಾಠ ಅಂತ ಇದೆ: ಕಿಂಡರ್‌ಗಾರ್ಟನ್‌ಗೆ 180, ಒಂದರಿಂದ ಮೂರನೇ ಕ್ಲಾಸಿಗೆ 230, ನಾಲ್ಕರಿಂದ ಮೇಲೆ 240. ಇದು ಪೂರ್ತಿ ಲೈವ್ ಅಲ್ಲ, ಮನೆಯಲ್ಲಿ ಮಾಡುವ ಕೆಲಸವೂ ಸೇರಿದೆ. ಆದರೆ ಟೀಚರ್ ಜೊತೆ ದಿನಾ ನೇರ ಸಂಪರ್ಕ ಇರಲೇಬೇಕು.

ಇದಕ್ಕಿಂತ ನಿಮಗೆ ಉಪಯೋಗಕ್ಕೆ ಬರುವುದು ಇನ್ನೊಂದು. ಶಾಲೆಗೆ ಸೇರಿಸುವಾಗ ಮನೆಯಲ್ಲಿ ಯಾವ ಭಾಷೆ ಅಂತ ಒಂದು ಫಾರಂ ತುಂಬಿಸುತ್ತಾರೆ, ನೆನಪಿದೆಯಾ? ಅಲ್ಲಿ ಕನ್ನಡ ಅಂತ ಬರೆದಿದ್ದರೆ ಮಗುವಿಗೆ ಎಲ್ಪಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಇಂಗ್ಲಿಷ್ ಲರ್ನರ್ (ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗು) ಅಂತ ಬಂದಿದ್ದರೆ ಇಂಗ್ಲಿಷ್ ಕಲಿಸಲು ಬೇರೆಯೇ ಸಮಯ ಕೊಡಬೇಕು, ರಿಮೋಟ್‌ನಲ್ಲೂ ಕೊಡಬೇಕು. ನಮ್ಮವರು ಬಹಳ ಜನ ಆ ಹಣೆಪಟ್ಟಿಗೆ ಹೆದರುತ್ತಾರೆ. ಹೆದರಬೇಡಿ, ಅದು ಸಹಾಯ ಸಿಗುವ ದಾರಿ. ಹೋದ ಆಗಸ್ಟ್‌ನಲ್ಲಿ ರಾಜ್ಯ ಇನ್ನೊಂದು ನಿಯಮ ತಂದಿತು. ಶಾಲೆ ಮುಚ್ಚಿದ್ದರೂ 14 ಮಕ್ಕಳ ಸಣ್ಣ ಗುಂಪನ್ನು ಇಬ್ಬರು ದೊಡ್ಡವರ ಜೊತೆ ಶಾಲೆಯೊಳಗೆ ಕೂರಿಸಬಹುದು. ವಿಶೇಷ ಅಗತ್ಯ ಇರುವ ಮಕ್ಕಳಿಗೆ ಮೊದಲ ಜಾಗ, ಇಂಗ್ಲಿಷ್ ಲರ್ನರ್ ಮಕ್ಕಳಿಗೂ ಆದ್ಯತೆ ಕೊಡಬಹುದು. ನಿಮ್ಮ ಡಿಸ್ಟ್ರಿಕ್ಟಿನಲ್ಲಿ ಅಂಥ ಗುಂಪು ಇದೆಯಾ ಅಂತ ಪ್ರಿನ್ಸಿಪಾಲರನ್ನು ಕೇಳಿ. ಜಾಗ ಖಾಲಿ ಇದ್ದರೂ ಯಾರೂ ಕೇಳದೆ ಹಾಗೇ ಉಳಿಯುವುದು ಉಂಟು.

ತೆರೆಯುವ ವಿಷಯಕ್ಕೆ ಬಂದರೆ, ಈಗಿನ ರಾಜ್ಯದ ನಿಯಮದಲ್ಲಿ ದಿನಕ್ಕೆ 1 ಲಕ್ಷ ಜನರಿಗೆ 25ಕ್ಕಿಂತ ಕಡಿಮೆ ಹೊಸ ಕೋವಿಡ್ ಕೇಸ್ ಇರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಆರನೇ ಕ್ಲಾಸಿನವರೆಗೆ ತೆರೆಯಬಹುದು. ಏಳರಿಂದ ಮೇಲಿನವರಿಗೆ ಸೋಂಕು ಎಷ್ಟಿದೆ ಅಂತ ರಾಜ್ಯ ಬಣ್ಣದಲ್ಲಿ ಗುರುತಿಸುವ ಪಟ್ಟಿಯಲ್ಲಿ ಕೌಂಟಿ ನೇರಳೆಯಿಂದ ಕೆಂಪು ಹಂತಕ್ಕೆ ಬರಬೇಕು, ಅಂದರೆ ಅದೇ ಲೆಕ್ಕದಲ್ಲಿ ಕೇಸ್ 7 ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ನಿಮ್ಮ ಮಗನಿಗಿಂತ ಮಗಳಿಗೆ ಬೇಗ ಬಾಗಿಲು ತೆರೆಯುತ್ತದೆ. ‘ತೆರೆಯಬಹುದು’ ಅಂದ ಮಾತ್ರಕ್ಕೆ ತೆರೆಯುವುದಿಲ್ಲ, ಅದು ಬೋರ್ಡ್ ಮತ್ತು ಟೀಚರ್ ಯೂನಿಯನ್ ನಡುವಿನ ಮಾತುಕತೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಈ ತಿಂಗಳು 3ಕ್ಕೆ ನಗರವೇ ತನ್ನ ಶಾಲಾ ಡಿಸ್ಟ್ರಿಕ್ಟ್ ವಿರುದ್ಧ ಕೋರ್ಟಿಗೆ ಹೋಗಿದೆ, ಅಷ್ಟು ಬಿಗಿಯಾಗಿದೆ ಪರಿಸ್ಥಿತಿ. ಯೂನಿಯನ್ ಸದಸ್ಯೆಯಾಗಿ ನಾನೂ ಲಸಿಕೆ ಕೇಳಿದವಳೇ. ನನ್ನ ಕ್ಲಾಸ್‌ರೂಮಿನ ಕಿಟಕಿ ಪೇಂಟ್ ಬಳಿದು ಅಂಟಿಹೋಗಿದೆ, ತೆರೆಯಲು ಬರುವುದಿಲ್ಲ. ಮಾರ್ಚ್ 1ರಿಂದ ಮೊದಲ ಡೋಸುಗಳಲ್ಲಿ ಶೇ. 10ರಷ್ಟನ್ನು ಶಿಕ್ಷಣ ಮತ್ತು ಶಿಶುಪಾಲನೆಯಲ್ಲಿ ಇರುವವರಿಗೆ ಎತ್ತಿಡುತ್ತೇವೆ ಅಂತ ಗವರ್ನರ್ ಹೇಳಿದ್ದಾರೆ. ಅದು ಸಿಕ್ಕಿದ ಮೇಲೆ ನನಗೆ ಮಕ್ಕಳ ಮುಂದೆ ನಿಲ್ಲಬೇಕು, ಅಷ್ಟೇ.

ಇನ್ನೊಂದು ವರ್ಷ ಓದಿಸುವ ಯೋಚನೆ ಈಗ ಬೇಡ. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ಇದೇ ಜಾಗದಲ್ಲಿ ಇರುತ್ತಾರೆ, ಎರಡನೇ ಕ್ಲಾಸಿನ ಟೀಚರುಗಳಾದ ನಾವು ಅದನ್ನು ನಿರೀಕ್ಷೆ ಮಾಡಿಯೇ ಕೂತಿದ್ದೇವೆ. ಖಾಸಗಿ ಶಾಲೆ ನಿಮ್ಮ ಕೈಯಲ್ಲಿ ಆಗುವುದಾದರೆ ತಪ್ಪೇನಿಲ್ಲ. ಅಲ್ಲಿ ಓದು ಕಲಿಸುವುದು ಹೇಗೆ ಅಂತ ಮಾತ್ರ ಮೊದಲು ಕೇಳಿ.

ಮಗನ ವಿಷಯದಲ್ಲಿ ಮಾರ್ಕ್ಸ್‌ಗಿಂತ ಆ ಮುಚ್ಚಿದ ಬಾಗಿಲು ನನಗೆ ಚಿಂತೆ. ಶಾಲೆಯ ಕೌನ್ಸೆಲರಿಗೆ ನಾಳೆಯೇ ಇಮೇಲ್ ಮಾಡಿ.

ಬೇಏರಿಯಾ_ಅಮ್ಮ, 25 ಫೆಬ್ರವರಿ

ಟೀಚರ್, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಲಿ. ಚಿತ್ರ ಮುಚ್ಚಿ ಓದಿಸಿದೆ. ನೀವು ಹೇಳಿದ ಹಾಗೇ ಆಯಿತು. ಧ್ವನಿ ಬೇರೆ ಬೇರೆ ಹೇಳುತ್ತಾಳೆ, ಕೂಡಿಸುವ ಕಡೆ ನಿಂತುಬಿಡುತ್ತಾಳೆ. ರೆಕಾರ್ಡಿಂಗ್ ಕಳಿಸಿದೆ. ಅವಳ ಟೀಚರ್ ಅದೇ ಸಂಜೆ ಫೋನ್ ಮಾಡಿದರು. ‘ನನಗೆ ಇದು ಕೇಳಿಸಿಯೇ ಇರಲಿಲ್ಲ’ ಅಂದರು. ಸೋಮವಾರದಿಂದ ಐದು ಮಕ್ಕಳ ಗ್ರೂಪ್.

ಎಲ್ಪಾಕ್ ಪತ್ರ ಫೈಲಿನಲ್ಲಿ ಸಿಕ್ಕಿತು. ಇಂಗ್ಲಿಷ್ ಲರ್ನರ್ ಅಂತಲೇ ಇದೆ. ಅದರಿಂದ ಏನು ಸಿಗಬೇಕು ಅಂತ ಯಾರೂ ನಮಗೆ ಹೇಳಿರಲಿಲ್ಲ. ಪ್ರಿನ್ಸಿಪಾಲರಿಗೆ ಬರೆದಿದ್ದೇನೆ.

ಮಗನ ಕೌನ್ಸೆಲರ್ ವಾರಕ್ಕೊಮ್ಮೆ ಮಾತಾಡುತ್ತೇನೆ ಅಂದಿದ್ದಾರೆ. ಅವನು ಮೊದಲು ಬೇಡ ಅಂದ, ಆಮೇಲೆ ಹೂಂ ಅಂದ.

ಬೇಏರಿಯಾ_ಅಮ್ಮ, 7 ಮಾರ್ಚ್

ಹೊಸ ಸುದ್ದಿ. ಶುಕ್ರವಾರ ಗವರ್ನರ್ ಶಾಲೆಗಳಿಗೆ ಹಣ ಕೊಡುವ ಎಬಿ 86 ಅನ್ನುವ ಮಸೂದೆಗೆ ಸಹಿ ಹಾಕಿದ್ದಾರೆ. ಒಟ್ಟು 660 ಕೋಟಿ ಡಾಲರ್, ಅದರಲ್ಲಿ 200 ಕೋಟಿ ಶಾಲೆ ತೆರೆಯುವುದಕ್ಕೆ. ಏಪ್ರಿಲ್ 1ರ ನಂತರ ಚಿಕ್ಕ ಕ್ಲಾಸು ತೆರೆಯದ ಡಿಸ್ಟ್ರಿಕ್ಟಿಗೆ ಆ ಹಣದಲ್ಲಿ ದಿನಕ್ಕೆ ಶೇ. 1 ಕಡಿತ ಅಂತೆ. ನಮ್ಮ ಬೋರ್ಡ್ ತಕ್ಷಣ ಒಂದು ಫಾರಂ ಕಳಿಸಿದೆ: ಹೈಬ್ರಿಡ್ (ಕೆಲವು ದಿನ ಶಾಲೆ, ಉಳಿದ ದಿನ ಮನೆಯಿಂದ) ಬೇಕಾ, ರಿಮೋಟ್‌ನಲ್ಲೇ ಇರುತ್ತೀರಾ? ಶುಕ್ರವಾರದೊಳಗೆ ಹೇಳಬೇಕು. ವಾರಕ್ಕೆ ಎರಡು ದಿನ ಮಾತ್ರ ಶಾಲೆ. ಯಾಕೆ ಎರಡೇ ದಿನ?

ಎರಡನೇಕ್ಲಾಸ್_ಟೀಚರ್, 7 ಮಾರ್ಚ್

ಜಾಗದ ಸಮಸ್ಯೆ. ಮಕ್ಕಳ ಕುರ್ಚಿಗಳ ನಡುವೆ 6 ಅಡಿ ಬಿಡಬೇಕು. ಆಗುವುದೇ ಇಲ್ಲ ಅಂದರೂ 4 ಅಡಿಗಿಂತ ಕಡಿಮೆ ಮಾಡುವ ಹಾಗಿಲ್ಲ. 24 ಮಕ್ಕಳು ಒಂದು ರೂಮಿನಲ್ಲಿ ಹಿಡಿಸುವುದಿಲ್ಲ, ಅರ್ಧ ಅರ್ಧ ಮಾಡುತ್ತಾರೆ.

ಫಾರಂ ತುಂಬುವ ಮುಂಚೆ ಒಂದು ಮಾತು ಕೇಳಿಕೊಳ್ಳಿ. ಹೈಬ್ರಿಡ್ ಆರಿಸಿದರೆ ಟೀಚರ್ ಬದಲಾಗುತ್ತಾರಾ? ಕೆಲವು ಕಡೆ ಮಕ್ಕಳನ್ನು ಮತ್ತೆ ಹಂಚುತ್ತಾರೆ. ಬದಲಾಗುವುದಾದರೆ ರೆಕಾರ್ಡಿಂಗು, ಐದು ಮಕ್ಕಳ ಗ್ರೂಪು, ಎಲ್ಪಾಕ್ ಪತ್ರ, ಮೂರರ ವಿಷಯವೂ ಹೊಸ ಟೀಚರಿಗೆ ನೀವೇ ಬರೆದು ಕಳಿಸಿ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಇಂಥವು ಕಳೆದುಹೋಗುತ್ತವೆ.

ನನ್ನ ಮಗಳಾಗಿದ್ದರೆ ಎರಡು ದಿನಕ್ಕೂ ಕಳಿಸುತ್ತಿದ್ದೆ. ಒಬ್ಬ ಟೀಚರ್ ಪಕ್ಕದಲ್ಲಿ ನಿಂತು ಅವಳ ಓದು ಕೇಳಿಸಿಕೊಂಡರೂ ದೊಡ್ಡದು.

ಬೇಏರಿಯಾ_ಅಮ್ಮ, 8 ಮಾರ್ಚ್

ಕೇಳಿದೆ. ಟೀಚರ್ ಅವರೇ ಇರುತ್ತಾರಂತೆ. ಹೈಬ್ರಿಡ್ ಅಂತ ಬರೆದು ಕಳಿಸಿದ್ದೇನೆ. ಸಣ್ಣ ಗುಂಪಿನ ಬಗ್ಗೆ ಪ್ರಿನ್ಸಿಪಾಲ್ ಜೊತೆ ಗುರುವಾರ ಜೂಮ್ ಇದೆ, ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.